ಓದುಗರ ಪ್ರಶ್ನೆ: ಬೆಥೂನ್ ಶಾಲೆಯ ಹೆಣ್ಣುಮಕ್ಕಳು ಏನೇನಾದರು?

ಪ್ರಶ್ನೆ: ಕಲ್ಕತ್ತೆಯ ಬೆಥೂನ್ ಶಾಲೆಯಲ್ಲಿ ಓದಿದವರಲ್ಲಿ ವೈದ್ಯೆ, ಕವಿ, ಕ್ರಾಂತಿಕಾರಿ, ವಿಜ್ಞಾನಿ ಎಲ್ಲರೂ ಇದ್ದಾರಂತೆ. ಒಂದೇ ಶಾಲೆಯಿಂದ ಇಷ್ಟು ಬಗೆಯವರು ಬಂದದ್ದು ಹೇಗೆ?
— ಧಾರವಾಡದ ಓದುಗರು

ಉತ್ತರ: ಆ ಶಾಲೆ ಅಕ್ಷರ ಕಲಿಸಿ ಮನೆಗೆ ಕಳಿಸುವಲ್ಲಿಗೇ ನಿಲ್ಲಲಿಲ್ಲ, ಅದೇ ಮುಖ್ಯ ಕಾರಣ. 1849ರ ಮೇ 7ರಂದು 21 ಹುಡುಗಿಯರಿಂದ ಶುರುವಾದ ಶಾಲೆಗೆ 1878ರಲ್ಲಿ ಬಂಗ ಮಹಿಳಾ ವಿದ್ಯಾಲಯ ಸೇರಿಕೊಂಡಿತು. ಅದೇ ವರ್ಷ ಕಲ್ಕತ್ತ ವಿಶ್ವವಿದ್ಯಾಲಯ ಹೆಣ್ಣುಮಕ್ಕಳೂ ಪರೀಕ್ಷೆಗೆ ಕೂರಬಹುದೆಂದು ಒಪ್ಪಿತು, ಕಾದಂಬಿನಿ ಬಸು ಎಂಟ್ರೆನ್ಸ್ (ಕಾಲೇಜು ಸೇರಲು ಬೇಕಾದ ಪರೀಕ್ಷೆ) ಪಾಸಾದರು. ಪಾಸಾದವಳು ಮುಂದೆ ಓದುವುದೆಲ್ಲಿ? ಅವರೊಬ್ಬರಿಗಾಗಿಯೇ ಎನ್ನುವಂತೆ 1879ರಲ್ಲಿ ಕಾಲೇಜು ತರಗತಿ ತೆರೆಯಿತು.

ಕಾದಂಬಿನಿ ಮದುವೆಯಾಗಿ ಗಂಗೂಲಿ ಆದರು, ಕಲ್ಕತ್ತ ಮೆಡಿಕಲ್ ಕಾಲೇಜು ಸೇರಿ 1886ರಲ್ಲಿ ವೈದ್ಯೆಯಾದರು, 1893ರಲ್ಲಿ ಎಡಿನ್‌ಬರೋಗೆ ಹೋಗಿ ಮತ್ತೆ ಮೂರು ಡಿಪ್ಲೊಮಾ ಪಡೆದರು. ಜೊತೆಗೆ ಬಿ.ಎ. ಮಾಡಿದ ಚಂದ್ರಮುಖಿ ಬಸು 1884ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನ ಪ್ರಾಂಶುಪಾಲರಾದರು. ಕಾಮಿನಿ ಸೇನ್ (ಮುಂದೆ ಕಾಮಿನಿ ರಾಯ್) 1886ರಲ್ಲಿ ಸಂಸ್ಕೃತ ಆನರ್ಸ್ ಪದವೀಧರೆ, ಕವಿ.

ಬಾಗಿಲು ಮುಚ್ಚಿದ್ದೂ ಕೆಲವರ ದಾರಿಯನ್ನು ಬದಲಿಸಿತು. ಅಬಲಾ ದಾಸ್‌ಗೆ ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ಪ್ರವೇಶ ಸಿಗಲಿಲ್ಲ. 1882ರಲ್ಲಿ ಮದ್ರಾಸಿಗೆ ಹೋದರೂ ಅನಾರೋಗ್ಯದಿಂದ ಓದು ಅರ್ಧಕ್ಕೇ ನಿಂತಿತು. ಜಗದೀಶಚಂದ್ರ ಬೋಸರ ಪತ್ನಿಯಾದ ಇವರೇ 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿದ್ದು. ಕಾಲೇಜಿನಲ್ಲಿ ಓದಿದ ಬೀನಾ ದಾಸ್ 1932ರ ಫೆಬ್ರವರಿ 6ರಂದು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲೇ ಬಂಗಾಳದ ಬ್ರಿಟಿಷ್ ಗವರ್ನರ್ ಮೇಲೆ ಗುಂಡು ಹಾರಿಸಿದರು. ಇದೇ ಕಾಲೇಜಿನ ಪ್ರೀತಿಲತಾ ವದ್ದೇದಾರ್ ಅದೇ ವರ್ಷ ಚಿತ್ತಗಾಂಗಿನ ಪಹಾಡ್‌ತಲಿ ಯುರೋಪಿಯನ್ ಕ್ಲಬ್ ದಾಳಿಯಲ್ಲಿ ಪ್ರಾಣ ಕೊಟ್ಟರು. ತಡೆಹಿಡಿದಿದ್ದ ಇಬ್ಬರ ಪದವಿಯನ್ನೂ ವಿಶ್ವವಿದ್ಯಾಲಯ ಕೊಟ್ಟದ್ದು 2012ರಲ್ಲಿ!

ವಿಜ್ಞಾನಿ ಎಂದರೆ ಅಸೀಮಾ ಚಟರ್ಜಿ. ಇವರು ಬೆಥೂನ್ ಶಾಲೆಯ ವಿದ್ಯಾರ್ಥಿನಿ, ಪದವಿ ಮಾತ್ರ ಸ್ಕಾಟಿಷ್ ಚರ್ಚ್ ಕಾಲೇಜಿನದು. ಕಾಶಿಕಣಗಿಲೆ ಬಗೆಯ ಗಿಡಗಳಲ್ಲಿರುವ, ಔಷಧ ಗುಣದ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳ ರಸಾಯನವನ್ನು ಸಂಶೋಧಿಸಿದರು. 1961ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಪ್ರಶ್ನೆ: ಇವರಲ್ಲಿ ಯಾರಿಗಾದರೂ ನಮ್ಮ ನಾಡಿನ ನಂಟು ಇತ್ತೆ?
— ಮೈಸೂರಿನ ಓದುಗರು

ಉತ್ತರ: ಇತ್ತು, ಅದೂ ನಿಮ್ಮೂರಿನದೇ. ರವೀಂದ್ರನಾಥ ಠಾಕೂರರ ಸೋದರ ಸೊಸೆ ಸರಳಾದೇವಿ 1890ರಲ್ಲಿ ಬೆಥೂನ್ ಕಾಲೇಜಿನಿಂದ ಇಂಗ್ಲಿಷ್ ಆನರ್ಸ್ ಮುಗಿಸಿದವರು. ಮನೆಯಿಂದ ದೂರ ಹೋಗಿ ಸ್ವಂತ ದುಡಿಮೆಯಿಂದ ಬದುಕಬೇಕೆಂದು ಮೈಸೂರಿನ ಮಹಾರಾಣಿ ಬಾಲಿಕಾ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿದರು. 1910ರಲ್ಲಿ ಭಾರತ ಸ್ತ್ರೀ ಮಹಾಮಂಡಲ ಸ್ಥಾಪಿಸಿದವರು ಇವರೇ.

ಪ್ರಶ್ನೆ: ನಮ್ಮ ಬಾಲಿಕಾ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರ ಪಟ್ಟಿ ಮಾಡುತ್ತಿದ್ದೇವೆ. ಎಲ್ಲಿ ಎಡವುತ್ತೇವೆ?
— ಶಿವಮೊಗ್ಗದ ಓದುಗರು

ಉತ್ತರ: ಹೆಸರಿನಲ್ಲಿ. ಅಡ್ಮಿಷನ್ ರಿಜಿಸ್ಟರಿನಲ್ಲಿ ಇರುವುದು ತಂದೆಯ, ಊರಿನ ಇನಿಷಿಯಲ್. ಮದುವೆಯಾದ ಮೇಲೆ ಇನಿಷಿಯಲ್ಲೂ ಕೆಲವೊಮ್ಮೆ ಹೆಸರೂ ಬದಲಾಗಿರುತ್ತದೆ. ಹೀಗಾಗಿ ಒಬ್ಬರೇ ಎರಡು ಸಲ ಬರುತ್ತಾರೆ, ಇಲ್ಲವೇ ಇಬ್ಬರು ಒಬ್ಬರಾಗುತ್ತಾರೆ. ರಿಜಿಸ್ಟರ್ ನಂಬರನ್ನೇ ಆಧಾರವಾಗಿಟ್ಟುಕೊಳ್ಳಿ. ಪಕ್ಕದಲ್ಲಿ ಶಾಲೆಯಲ್ಲಿದ್ದ ಹೆಸರು, ಈಗಿನ ಹೆಸರು, ಸೇರಿದ ಮತ್ತು ಬಿಟ್ಟ ವರ್ಷ, ಉದ್ಯೋಗ ಬರೆಯಿರಿ. ಬಿಟ್ಟ ವರ್ಷವನ್ನು ಟಿ.ಸಿ. ಪುಸ್ತಕದ ಅರ್ಧಚೀಟಿಯೊಂದಿಗೆ ತಾಳೆ ನೋಡಿ. ಎರಡೇ ವರ್ಷ ಓದಿ ವರ್ಗವಾಗಿ ಹೋದವರನ್ನು ಬಿಡಬೇಡಿ. ಆದರೆ ಎಷ್ಟು ವರ್ಷ ಓದಿದರೆಂದು ಹೇಳಿ.

ಆಮೇಲೆ ವರ್ಷ. ಕಾದಂಬಿನಿ, ಚಂದ್ರಮುಖಿ ಅವರ ಬಿ.ಎ. ಒಂದು ಕಡೆ 1882, ಇನ್ನೊಂದು ಕಡೆ 1883 ಎಂದಿರುತ್ತದೆ. ಒಂದು ಪರೀಕ್ಷೆಯ ಲೆಕ್ಕ, ಇನ್ನೊಂದು ಘಟಿಕೋತ್ಸವದ ಲೆಕ್ಕ. ನೀವು ಯಾವುದನ್ನು ಹಿಡಿಯುತ್ತೀರೋ ಸಂಚಿಕೆ ಪೂರ್ತಿ ಅದನ್ನೇ ಹಿಡಿಯಿರಿ.

'ಮೊದಲ ಮಹಿಳೆ' ಎಂದು ಬರೆಯುವಾಗ ಯಾವ ಊರಲ್ಲಿ, ಯಾವ ಪದವಿಯಲ್ಲಿ, ಯಾವ ಸಂಸ್ಥೆಯಲ್ಲಿ ಎಂದು ಬಿಡಿಸಿ ಹೇಳಿ. ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಎಂ.ಡಿ. ಪಡೆದದ್ದೂ 1886ರಲ್ಲೇ; ಬರೀ 'ಮೊದಲ ವೈದ್ಯೆ' ಎಂದರೆ ಜಗಳ ಮುಗಿಯದು.

ಡಾಕ್ಟರು, ಅಧಿಕಾರಿಗಳಷ್ಟೇ ಸಾಧಕಿಯರಲ್ಲ. ಮೂವತ್ತು ವರ್ಷ ಅಂಗನವಾಡಿ ನಡೆಸಿದವರು, ಹೊಲಿಗೆ ಅಂಗಡಿ ಇಟ್ಟು ನಾಲ್ವರಿಗೆ ಕೆಲಸ ಕೊಟ್ಟವರು, ಹಾಲಿನ ಸಂಘದ ಕಾರ್ಯದರ್ಶಿ ಇವರೆಲ್ಲ ತಾವಾಗಿ ಫಾರಂ ತುಂಬಿ ಕಳಿಸುವುದಿಲ್ಲ. ಪ್ರತಿ ಬ್ಯಾಚಿನಿಂದ ಇಬ್ಬರನ್ನು ಹಿಡಿದು ಅವರ ಮೂಲಕ ಕೇಳಿಸಿ. ಫೋನ್ ನಂಬರ್ ಅಚ್ಚು ಹಾಕುವ ಮೊದಲು ಒಪ್ಪಿಗೆ ಬರೆಸಿಕೊಳ್ಳಿ, ಕರಡನ್ನು ಅವರಿಗೇ ಒಮ್ಮೆ ತೋರಿಸಿ.