ದಂಡ ಕಟ್ಟಿದ ಓದುಗರಿಗೆ

ಹೆಸರು ಹಾಕಬೇಡಿ ಎಂದು ಕೋರಿರುವ ಓದುಗರೊಬ್ಬರ ಪತ್ರದ ಸಾರ ಇಷ್ಟು: "ಬಸ್ ನಿಲ್ದಾಣದಲ್ಲಿ ಸಿಗರೇಟು ಹಚ್ಚಿದ್ದಕ್ಕೆ ಸಾವಿರ ರೂಪಾಯಿ ದಂಡ ಕಟ್ಟಿದೆ. ದುಡ್ಡು ನನ್ನದು, ಶ್ವಾಸಕೋಶ ನನ್ನದು. ಹುಣಸೂರಿನಲ್ಲಿ ತಂಬಾಕು ಬೆಳೆಯಲು ಲೈಸೆನ್ಸ್ ಕೊಟ್ಟು, ತೆರಿಗೆಯನ್ನೂ ಎಣಿಸಿಕೊಂಡು, ಸೇದಿದವನ ಕಾಲರ್ ಹಿಡಿಯುವ ಸರ್ಕಾರಕ್ಕೆ ವ್ಯಕ್ತಿಸ್ವಾತಂತ್ರ್ಯದ ಅರ್ಥ ಗೊತ್ತೇ? ನಾವು ಸೇದುವುದಾದರೂ ಎಲ್ಲಿ?"

ಮಾನ್ಯರೇ,

ಆರೋಗ್ಯದ ಉಪದೇಶ ಮಾಡುವುದಿಲ್ಲ. ಸಿಗರೇಟು ಪ್ಯಾಕಿನ ಮೇಲೆ ಅದು 85 ಶೇಕಡಾ ಜಾಗದಲ್ಲಿ ಚಿತ್ರಸಮೇತ ಅಚ್ಚಾಗಿದೆ. ನೀವು ನೋಡಿಯೇ ಇರುತ್ತೀರಿ.

'ಶ್ವಾಸಕೋಶ ನನ್ನದು' ಎಂಬ ನಿಮ್ಮ ವಾದಕ್ಕೆ ಒಂದು ಕಾಲದಲ್ಲಿ ಉತ್ತರವೇ ಇರಲಿಲ್ಲ. 1981ರಲ್ಲಿ ಜಪಾನಿನ ಸಂಶೋಧಕ ತಕೇಶಿ ಹಿರಾಯಾಮಾ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಮೇಲೆ ಅದು ಅಲುಗಾಡಿತು. ಸಿಗರೇಟು ಮುಟ್ಟದ 90,000ಕ್ಕೂ ಹೆಚ್ಚು ಗೃಹಿಣಿಯರನ್ನು ಅವರು 14 ವರ್ಷ ಗಮನಿಸಿದ್ದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಿತ್ತು. ಸಿಗರೇಟು ಕಂಪನಿಗಳು ಈ ಅಧ್ಯಯನದ ಮೇಲೆ ಮುಗಿಬಿದ್ದವು. ಆದರೆ ಮುಂದೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಅದನ್ನೇ ಹೇಳಿದವು.

ಈ ಚರ್ಚೆಯಲ್ಲಿ ನಾವು ಸದಾ ಮರೆಯುವ ಒಬ್ಬನಿದ್ದಾನೆ: ಸಪ್ಲೈಯರ್. ಬಾರಿನಲ್ಲಿ ನೀವು ಒಂದು ಗಂಟೆ ಕೂತು ಎದ್ದು ಹೋಗುತ್ತೀರಿ. ಹೊಗೆ ಇಷ್ಟವಿಲ್ಲದ ಗಿರಾಕಿ ಬೇರೆ ಕಡೆ ಹೋಗಬಹುದು. ಸಪ್ಲೈಯರ್ ಮಾತ್ರ ಎಲ್ಲರ ಹೊಗೆಯನ್ನೂ ಕುಡಿಯುತ್ತ ರಾತ್ರಿ ಬಾಗಿಲು ಹಾಕುವವರೆಗೆ ಅಲ್ಲೇ ಇರಬೇಕು. 2004ರ ಮಾರ್ಚ್ 29ರಂದು ಐರ್ಲೆಂಡ್ ಪಬ್‌ಗಳಲ್ಲೂ ಧೂಮಪಾನ ನಿಲ್ಲಿಸಿದ್ದು ಈ ಕಾರಣಕ್ಕೇ. ಇಡೀ ದೇಶದಲ್ಲಿ ಅಂಥ ನಿಷೇಧ ತಂದವರಲ್ಲಿ ಅವರೇ ಮೊದಲಿಗರು. ಗಿರಾಕಿಯನ್ನು ತಿದ್ದುವುದು ಅವರ ಗುರಿಯಾಗಿರಲಿಲ್ಲ. ಪಬ್ ಕೂಡ ಒಬ್ಬರು ದುಡಿಯುವ ಜಾಗ ಎಂಬುದಷ್ಟೇ ಅವರ ವಾದ. ಸ್ವಾತಂತ್ರ್ಯದ ಮಾತಾಡುವಾಗ ಆ ಸಪ್ಲೈಯರ್‌ನದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮಲ್ಲೂ ನ್ಯಾಯಾಲಯಗಳು ಇದೇ ದಾರಿ ಹಿಡಿದವು. 1999ರಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಸುಪ್ರೀಂ ಕೋರ್ಟ್, ಸೇದದವರ ಬದುಕುವ ಹಕ್ಕನ್ನು, ಅಂದರೆ ಸಂವಿಧಾನದ 21ನೇ ವಿಧಿಯನ್ನು, ಮುಂದಿಟ್ಟವು. ಆಮೇಲೆ ತಂಬಾಕು ನಿಯಂತ್ರಣಕ್ಕೆಂದೇ 2003ರ ಕೇಂದ್ರ ಕಾಯಿದೆ ಬಂತು. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಬಸ್ ನಿಲ್ದಾಣವನ್ನೂ ಹೆಸರಿಟ್ಟು ಸೇರಿಸಿದವು. ಹಾಗಾಗಿ ನಿಮ್ಮ ದಂಡ ನ್ಯಾಯವಾದದ್ದೇ. 200 ಇದ್ದದ್ದನ್ನು 1,000ಕ್ಕೆ ಏರಿಸಿದ್ದು ಕರ್ನಾಟಕದ ತಿದ್ದುಪಡಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರಲ್ಲಿ.

ಆದರೆ ಅದೇ ತಿದ್ದುಪಡಿ ಸಿಗರೇಟು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಬಿಡಿ ಸಿಗರೇಟು ಮಾರಾಟವನ್ನೂ ನಿಲ್ಲಿಸಿದೆ. ಇಲ್ಲಿ ಮಾತ್ರ ನಾನು ಅರ್ಧ ನಿಮ್ಮ ಪಕ್ಷ. ಸಪ್ಲೈಯರ್‌ಗೂ ಇದಕ್ಕೂ ಸಂಬಂಧವಿಲ್ಲ; ಸೇದುವವನನ್ನು ಅವನಿಂದಲೇ ಕಾಪಾಡುವ ಪ್ರಯತ್ನ ಇದು. ಹದಿಹರೆಯದವರ ಕೈಗೆ ಸಿಗದಿರಲಿ ಎಂಬುದು ಸರಿ. ಆದರೆ 19ರ ಯುವಕ ಶಾಸಕನನ್ನು ಆರಿಸಲು ಪ್ರಬುದ್ಧ, ಸಿಗರೇಟು ಕೊಳ್ಳಲು ಅಲ್ಲ ಎಂದಾಗ ಸರ್ಕಾರ ಕಾರಣ ಬಿಡಿಸಿ ಹೇಳಬೇಕು. ಬಿಡಿ ಮಾರಾಟ ನಿಂತರೆ ತಟ್ಟುವುದು ದಿನಗೂಲಿಯವನಿಗೆ. ಕಾರಿನವನು ಹೇಗೂ ಪ್ಯಾಕನ್ನೇ ಕೊಳ್ಳುತ್ತಾನೆ. ಪೆಟ್ಟಿಗೆ ಅಂಗಡಿಯಲ್ಲಿ ಎರಡು ಸಿಗರೇಟು ಮಾರಿ ಬದುಕುವವರನ್ನು ಮೊದಲು ಹಿಡಿಯುವುದೂ ನನಗೆ ಒಪ್ಪಿಗೆಯಿಲ್ಲ.

ಸರ್ಕಾರದ ಇಬ್ಬಂದಿತನದ ಬಗ್ಗೆ ನೀವು ಬರೆದದ್ದು ನಿಜ. ಹುಣಸೂರು, ಪಿರಿಯಾಪಟ್ಟಣಗಳ ರೈತನಿಗೆ ಕೇಂದ್ರ ಸರ್ಕಾರದ ತಂಬಾಕು ಮಂಡಳಿಯೇ ಪರವಾನಗಿ ಕೊಟ್ಟು, ಎಷ್ಟು ಬೆಳೆಯಬೇಕೆಂದು ಹೇಳಿ, ಹರಾಜನ್ನೂ ನಡೆಸುತ್ತದೆ. ಅದನ್ನು ಖಂಡಿಸಿ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ. ಅದರಿಂದ ನಿಲ್ದಾಣದಲ್ಲಿ ನಿಮ್ಮ ಪಕ್ಕ ಮಗು ಎತ್ತಿಕೊಂಡು ನಿಂತವಳಿಗೆ ಏನು ಸಿಕ್ಕಂತಾಯಿತು?

ಇನ್ನು, ಎಲ್ಲಿ ಸೇದಬೇಕು? ಮೂವತ್ತು ಕೋಣೆಗಳ ಹೋಟೆಲು, ಮೂವತ್ತು ಅಥವಾ ಹೆಚ್ಚು ಆಸನಗಳ ರೆಸ್ಟೋರೆಂಟು, ವಿಮಾನ ನಿಲ್ದಾಣ – ಇಲ್ಲಿ ಪ್ರತ್ಯೇಕ ಜಾಗಕ್ಕೆ ಕಾಯಿದೆಯೇ ಅವಕಾಶ ಕೊಟ್ಟಿದೆ. ವಿಮಾನ ಹತ್ತುವವನಿಗೆ ಇರುವ ಮೂಲೆ ಕೆಂಪು ಬಸ್ ಹತ್ತುವವನಿಗೆ ಇಲ್ಲ. ಜನ ಸಾಲು ನಿಲ್ಲುವ ಕಡೆಯಿಂದ ದೂರದಲ್ಲಿ, ಗೋಡೆ ಸೂರು ಇಲ್ಲದ ಅಂಥದೊಂದು ಜಾಗವನ್ನು ದೊಡ್ಡ ಬಸ್ ನಿಲ್ದಾಣಗಳಲ್ಲೂ ಗುರುತಿಸಲಿ ಎಂದು ನೀವು ಅರ್ಜಿ ಬರೆದರೆ, ಸೇದದ ನಾನೂ ಸಹಿ ಹಾಕುತ್ತೇನೆ.

– ಸಂಪಾದಕ