ಮೊದಲು ನಿಮ್ಮ ಯಜಮಾನರ ಪರೀಕ್ಷೆ ಆಗಲಿ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರದ ಸಾರ: “ನನಗೆ 31, ಯಜಮಾನರಿಗೆ 36. ಎರಡು ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ. ಮುಟ್ಟು 32–33 ದಿನಕ್ಕೆ ಸರಿಯಾಗಿ ಆಗುತ್ತದೆ. ಅತ್ತೆಯವರು ಒಬ್ಬರು ನಾಟಿ ವೈದ್ಯರಿಂದ ಪುಡಿ ತರಿಸಿ ಎರಡು ತಿಂಗಳಿಂದ ಹಾಲಿಗೆ ಹಾಕಿ ಕೊಡುತ್ತಿದ್ದಾರೆ. ಕಾಫಿ ಉಷ್ಣ, ಬಿಟ್ಟುಬಿಡು ಅನ್ನುತ್ತಾರೆ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ, ಅವರಿಗೆ ಏನೂ ತೊಂದರೆಯಿಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತುವ ಮೊದಲು ನೈಸರ್ಗಿಕವಾಗಿ ಏನು ಮಾಡಬಹುದು? ಹೆಸರು ಹಾಕಬೇಡಿ.”

ಸೋದರಿ,

ನಿಮ್ಮ ಪತ್ರದಲ್ಲಿ ಪುಡಿ ಕುಡಿಯುವವರು ನೀವು, ಕಾಫಿ ಬಿಡಬೇಕಾದವರು ನೀವು, ಊರವರ ಪ್ರಶ್ನೆಗೆ ತಲೆ ತಗ್ಗಿಸುವವರೂ ನೀವೇ. ಯಜಮಾನರ ಬಗ್ಗೆ ಇರುವುದು ಒಂದೇ ಸಾಲು: ಅವರಿಗೆ ಏನೂ ತೊಂದರೆಯಿಲ್ಲ. ಹಾಗೆಂದು ಯಾರು ಪರೀಕ್ಷೆ ಮಾಡಿ ಹೇಳಿದರು? ಮಗು ನಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಆಳು ಗಟ್ಟಿಮುಟ್ಟಾಗಿರುವುದಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ. ಹೆಂಗಸರಿಗೆ ಮಾಡುವ ಎಷ್ಟೋ ಪರೀಕ್ಷೆಗಳಿಗಿಂತ ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ, ಖರ್ಚೂ ಕಡಿಮೆ. ಹಾಗಿದ್ದೂ ನಮ್ಮ ಮನೆಗಳಲ್ಲಿ ಅದು ಕೊನೆಗೆ ಬರುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ನೈಸರ್ಗಿಕವಾಗಿ ಮಾಡಬಹುದಾದ್ದರಲ್ಲಿ ಹೆಚ್ಚು ಫಲ ಕೊಡುವ ಕೆಲವು ಅವರ ಕೈಯಲ್ಲೇ ಇವೆ. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕು. ಇವತ್ತು ಬೀಡಿ, ಗುಟ್ಕಾ ಬಿಟ್ಟರೆ, ಕುಡಿತ ನಿಲ್ಲಿಸಿದರೆ ಅದರ ಗುಣ ಕಾಣುವುದು ಮೂರು ತಿಂಗಳ ಮೇಲೆ. ಜೋರು ಜ್ವರ ಬಂದು ಹೋದರೂ ಕೆಲವು ವಾರ ಸಂಖ್ಯೆ ಇಳಿಯುತ್ತದೆ. ವೃಷಣಗಳಿಗೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಬಚ್ಚಲಲ್ಲಿ ಹಂಡೆ ನೀರು ಹೊಯ್ದುಕೊಂಡು ಬರುವುದಕ್ಕೆ ಹೆದರಬೇಕಿಲ್ಲ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ ಕೂರುವುದು ಬೇಡ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದೂ ಬೇಡ.

ತೋಟದವರಾದ್ದರಿಂದ ಔಷಧಿ ಹೊಡೆಯುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ತಮ್ಮಲ್ಲಿ ಯಾರಿಗೂ ಈಚೆಗೆ ಮಕ್ಕಳಾಗಿಲ್ಲ ಎಂಬುದು ಗಮನಕ್ಕೆ ಬಂತು. ಪರೀಕ್ಷೆ ಮಾಡಿದರೆ ಹಲವರಲ್ಲಿ ವೀರ್ಯಾಣು ತೀರಾ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಕಾರಣ, ಅಲ್ಲಿ ತಯಾರಾಗುತ್ತಿದ್ದ ಡಿಬಿಸಿಪಿ ಎಂಬ, ಮಣ್ಣಿನ ಜಂತುಹುಳು ಕೊಲ್ಲುವ ಔಷಧಿ. ನಿಮ್ಮ ತೋಟದಲ್ಲಿ ಆ ವಿಷ ಇಲ್ಲ. ಆದರೆ ಕಾಂಡಕೊರಕಕ್ಕೋ ಮೆಣಸಿನ ಬಳ್ಳಿಗೋ ಔಷಧಿ ಕಲಸುವಾಗ ಬರಿಗೈ ಹಾಕುವುದು, ಸೋರುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಅಂಗಿ ನೆನೆಸಿಕೊಂಡೇ ಮಧ್ಯಾಹ್ನದ ಊಟಕ್ಕೆ ಕೂರುವುದು, ಇವೆರಡನ್ನೂ ಇವತ್ತಿಂದಲೇ ನಿಲ್ಲಿಸಲು ಹೇಳಿ. ಕೈಗವಸು, ಮಾಸ್ಕ್, ಮೈ ಮುಚ್ಚುವ ಬಟ್ಟೆ ಬೇಕು. ಕೆಲಸ ಮುಗಿದ ಕೂಡಲೇ ಸ್ನಾನ. ಆ ಬಟ್ಟೆಯನ್ನು ಬೇರೆಯಾಗಿ, ಅವರೇ ಒಗೆಯಲಿ. ಗರ್ಭ ನಿಲ್ಲಬೇಕೆಂದು ಕಾಯುತ್ತಿರುವ ನೀವು ಅದನ್ನು ಮುಟ್ಟಬೇಡಿ.

ಇನ್ನು ದಿನಗಳ ಲೆಕ್ಕ. ನೀವು 14ನೇ ದಿನವನ್ನೇ ನಂಬಿಕೊಂಡಿದ್ದೀರೋ ಏನೋ ಎಂದು ನನಗೆ ಅನುಮಾನ, ಬಹಳ ಮಂದಿ ಹಾಗೇ ಮಾಡುತ್ತಾರೆ. ಅದು 28 ದಿನದ ಮುಟ್ಟಿನವರ ಲೆಕ್ಕ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ನಿಮಗದು 18 ಅಥವಾ 19ನೇ ದಿನದ ಆಸುಪಾಸು. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ 13ರಿಂದ 19ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ಮೈಯೂ ಸೂಚನೆ ಕೊಡುತ್ತದೆ: ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಆಮೇಲೆ ಅಂಟಂಟಾದ ಸ್ರಾವ, ಮತ್ತೆ ಒಂದೆರಡು ದಿನ ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ದಾರವಾಗಿ ನಿಲ್ಲುವ ಸ್ರಾವ. ಆ ದಿನಗಳನ್ನು ಬಿಡಬೇಡಿ. ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿದರೆ ನಿಮ್ಮ ದಿನ ನಿಮಗೇ ಗೊತ್ತಾಗುತ್ತದೆ. ಆಮೇಲೆ ಕಾಲು ಮೇಲೆತ್ತಿ ಮಲಗುವ ಕಷ್ಟವೇನೂ ಬೇಡ.

ಪುಡಿಯನ್ನು ನಿಲ್ಲಿಸಿ. ಅತ್ತೆಯವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಆಯುರ್ವೇದದ ಮೇಲೂ ಇದೆ. ಹೆಸರಿಲ್ಲದ, ಒಳಗೇನಿದೆ ಎಂದು ಬರೆಯದ ಪುಡಿಯ ಮೇಲೆ ಇಲ್ಲ. 2011–12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿರುವುದನ್ನು ಪತ್ತೆ ಮಾಡಿತು. ಎಲ್ಲರೂ ಭಾರತದಿಂದ ಬಂದ ಆಯುರ್ವೇದ ಮಾತ್ರೆ ತೆಗೆದುಕೊಂಡವರು. ಸೀಸ ಗರ್ಭದ ಮಗುವಿನ ಮಿದುಳಿಗೆ ವಿಷ. ಅತ್ತೆಯವರಿಗೆ ಆಯುರ್ವೇದವೇ ಬೇಕಾದರೆ ಹಾಸನದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆಗೆ ಹೋಗಿ, ಓದಿದ ವೈದ್ಯರು ನಾಡಿ ಹಿಡಿದು ಹೆಸರು ಬರೆದು ಕೊಡಲಿ. ಅಶ್ವಗಂಧದಿಂದ ಗಂಡಸರ ವೀರ್ಯಾಣು ಹೆಚ್ಚಿತೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ, ಗರ್ಭಿಣಿಯರಿಗೆ ಅದು ಬೇಡ. ಹಲವು ಮಕ್ಕಳ ತಾಯಿ ಬೇರಿನಿಂದ, ಅಂದರೆ ಶತಾವರಿಯಿಂದ ಗರ್ಭ ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಕಾಫಿ ಬಿಡಬೇಡಿ, ಕಡಿಮೆ ಮಾಡಿ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗಿರಲಿ ಎನ್ನುತ್ತಾರೆ, ಅಂದರೆ ಎರಡು ಸಣ್ಣ ಲೋಟ ಫಿಲ್ಟರ್ ಕಾಫಿ. ಆದರೆ ಊಟ ಮುಗಿದ ಕೂಡಲೇ ಬೇಡ. ಕಾಫಿ, ಟೀ ಎರಡೂ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪಿನ ಬಸ್ಸಾರು, ಹುರುಳಿ ಸಾರು, ಅವರೆಕಾಳಿನ ಜೊತೆ ನಿಂಬೆರಸವೋ ನೆಲ್ಲಿಕಾಯಿ ಚಟ್ನಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಅಮೆರಿಕದಲ್ಲಿ 17,544 ನರ್ಸುಗಳನ್ನು ಎಂಟು ವರ್ಷ ಗಮನಿಸಿದ ಅಧ್ಯಯನ 2007ರಲ್ಲಿ ಬಂತು. ಕಾಳುಬೇಳೆಯಂಥ ಸಸ್ಯದ ಪ್ರೋಟೀನು, ಕೆನೆ ತೆಗೆಯದ ಹಾಲು ಹೆಚ್ಚು ಬಳಸಿದವರಲ್ಲಿ ಅಂಡೋತ್ಪತ್ತಿಯ ತೊಂದರೆ ಕಡಿಮೆ ಕಂಡಿತ್ತು. ವನಸ್ಪತಿಯಲ್ಲಿರುವಂಥ ಟ್ರಾನ್ಸ್ ಕೊಬ್ಬು ಹೆಚ್ಚು ತಿಂದವರಲ್ಲಿ ಅದು ಹೆಚ್ಚು. ಹೊಸ ಆಹಾರ ಹುಡುಕಬೇಕಿಲ್ಲ, ಬೇಕರಿ ತಿಂಡಿ ಕಡಿಮೆಯಾದರೆ ಸರಿ.

ಒಂದು ಮಾತ್ರೆಯನ್ನು ಮಾತ್ರ ಇಂಗ್ಲಿಷ್ ಮದ್ದು ಎಂದು ದೂರ ಇಡಬೇಡಿ: ಫೋಲಿಕ್ ಆಮ್ಲ, ದಿನಕ್ಕೆ 400 ಮೈಕ್ರೋಗ್ರಾಂ, ಈಗಿಂದಲೇ. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಈ ಮಾತ್ರೆ ಬೇಕು, ಗರ್ಭಿಣಿ ಎಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಹಾಸನಾಂಬೆಗೆ ಹರಕೆ ಹೊತ್ತಿದ್ದೇನೆ ಎಂದೂ ಬರೆದಿದ್ದೀರಿ. ತೀರಿಸಿ ಬನ್ನಿ. “ಚಿಂತೆ ಮಾಡುವುದರಿಂದಲೇ ನಿಲ್ಲುತ್ತಿಲ್ಲ” ಎಂದು ಯಾರಾದರೂ ಅಂದರೆ ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆ ಮಾಡಿಸಿಕೊಂಡ 3,583 ಮಹಿಳೆಯರ ಮೇಲಿನ 14 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಚಿಕಿತ್ಸೆಗೆ ಮೊದಲಿನ ಆತಂಕ ಗರ್ಭ ನಿಲ್ಲುವುದನ್ನು ತಡೆಯಲಿಲ್ಲ. ನಿಮ್ಮ ಅಳು ನಿಮ್ಮ ತಪ್ಪಲ್ಲ.

ಈಗ ಆಸ್ಪತ್ರೆಯ ಮಾತು. ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ ತೋರಿಸಬೇಕು, 35 ದಾಟಿದ ಹೆಂಗಸರಾದರೆ ಆರು ತಿಂಗಳಿಗೇ. ನಿಮಗೆ ಎರಡು ವರ್ಷವಾಗಿದೆ. ಮೇಲೆ ಹೇಳಿದ್ದೆಲ್ಲ ನಡೆಯುತ್ತಿರಲಿ, ತಪಾಸಣೆಯನ್ನು ಅದಕ್ಕಾಗಿ ಮುಂದೂಡಬೇಡಿ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ಒಂದು ಸ್ಕ್ಯಾನ್, ಗರ್ಭನಾಳ ತೆರೆದಿದೆಯೇ ಎಂಬ ಪರೀಕ್ಷೆ ಬೇಕಾಗಬಹುದು. ನಮ್ಮ ದೇಶದಲ್ಲಿ ಸದ್ದಿಲ್ಲದ ಕ್ಷಯರೋಗವೂ ಗರ್ಭನಾಳ ಮುಚ್ಚಿಸುವುದುಂಟು. ಮುಚ್ಚಿದ ನಾಳವನ್ನು ಯಾವ ಕಷಾಯವೂ ತೆರೆಸದು.

ಯಜಮಾನರಿಗೆ ಈ ಪತ್ರವನ್ನೇ ಓದಲು ಕೊಡಿ. ಪರೀಕ್ಷೆಗೆ ಮೊದಲು ಎರಡರಿಂದ ಏಳು ದಿನ ಸಂಯಮವಿರಬೇಕು. ಮಾದರಿ ಒಂದು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಆದ್ದರಿಂದ ಮನೆಯಿಂದ ಬಸ್ಸಿನಲ್ಲಿ ಒಯ್ಯುವ ಬದಲು ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಪ್ರಯೋಗಾಲಯದಲ್ಲೇ ಕೊಡುವುದು ಒಳ್ಳೆಯದು. ವೀರ್ಯಾಣು ಸಂಖ್ಯೆ ಪ್ರತಿ ಮಿಲಿಲೀಟರಿಗೆ 1.6 ಕೋಟಿಗಿಂತ ಕಡಿಮೆ ಬಂದರೂ ಗಾಬರಿ ಬೇಡ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸುತ್ತಾರೆ. ವರದಿ ಕೈಗೆ ಬಂದ ಮೇಲೆ ನನಗೆ ಬರೆಯಿರಿ. ಈ ಸಲವೂ ಹೆಸರು ಹಾಕುವುದಿಲ್ಲ.

— ಸಂಪಾದಕ