ಮೊದಲ ಕ್ಷೌರದ ಕತ್ತಿ: ಹಣ ಹಿಡಿಗಲ್ಲ, ಅಲಗಿನ ಬಾಯಿಗೆ

ಪ್ರಶ್ನೆ: ಮಡಚುವ ಕ್ಷೌರದ ಕತ್ತಿಯಲ್ಲಿ ಗಡ್ಡ ತೆಗೆಯುವುದನ್ನು ಕಲಿಯಬೇಕೆಂದಿದ್ದೇನೆ. ಹೆಚ್ಚು ಖರ್ಚು ಮಾಡದೆ ಮೊದಲ ಕತ್ತಿ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಹಿಡಿ ಕೊಂಬಿನದೋ ಮರದ್ದೋ ಪ್ಲಾಸ್ಟಿಕ್ಕಿನದೋ ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. ಕತ್ತಿಯ ಅಗಲವನ್ನು ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಹೊಸಬರಿಗೆ 5/8 ಅಥವಾ 6/8 ಸರಿ, ಅಂದರೆ ಸುಮಾರು 16ರಿಂದ 19 ಮಿಲಿಮೀಟರ್. ಇದಕ್ಕಿಂತ ಸಣ್ಣದರಲ್ಲಿ ನೊರೆ ನಿಲ್ಲಲು ಜಾಗ ಸಾಲದು, ದೊಡ್ಡದನ್ನು ಮೂಗಿನ ಕೆಳಗೆ ಆಡಿಸುವುದು ಕಷ್ಟ. ಮೊನೆ ದುಂಡಗಿರಲಿ. ಚೌಕ ಮೊನೆಯ ಚೂಪು ಮೂಲೆ ಕಿವಿಯ ಬುಡದಲ್ಲೋ ತುಟಿಯ ಅಂಚಿನಲ್ಲೋ ಗೀರಿಯೇ ಗೀರುತ್ತದೆ.

ಅಲಗಿನ ಎರಡು ಪಕ್ಕಗಳನ್ನು ಎಷ್ಟು ಒಳಕ್ಕೆ ಕೊರೆದಿದ್ದಾರೆ ಎಂಬುದರ ಮೇಲೆ ಫುಲ್ ಹಾಲೋ, ಹಾಫ್ ಹಾಲೋ ಎಂಬ ಬಗೆಗಳಿವೆ. ಫುಲ್ ಹಾಲೋ ತೆಳು. ಕೂದಲು ಕತ್ತರಿಸುವ ಸದ್ದು ಚೆನ್ನಾಗಿ ಕೇಳುವುದರಿಂದ ಕೋನ ತಪ್ಪಿದ್ದು ಬೇಗ ಗೊತ್ತಾಗುತ್ತದೆ, ಆದರೆ ಒತ್ತಿದರೆ ಬಾಗುತ್ತದೆ. ಗಡ್ಡ ಒರಟಾಗಿದ್ದರೆ ಹಾಫ್ ಹಾಲೋ ಒಳ್ಳೆಯದು. ಉಕ್ಕಿನಲ್ಲಿ ನಮ್ಮ ಮತ ಕಾರ್ಬನ್ನಿಗೆ. ತುಕ್ಕಿನ ಕಾಟ ಇದ್ದರೂ ಸಾಣೆಗೆ ಬೇಗ ಬಗ್ಗುತ್ತದೆ.

ಇನ್ನು ಮುಖ್ಯ ಮಾತು. ಕಾರ್ಖಾನೆಯಿಂದ ಬರುವ ಎಷ್ಟೋ ಹೊಸ ಕತ್ತಿಗಳು ನೇರ ಮುಖಕ್ಕೆ ಇಡುವಷ್ಟು ಹರಿತವಾಗಿರುವುದಿಲ್ಲ. ಆದ್ದರಿಂದ ಕೈಲಿರುವ ಹಣದಲ್ಲಿ ಅರ್ಧದಷ್ಟನ್ನೇ ಕತ್ತಿಗೆ ಇಡಿ. ಮಿಕ್ಕದ್ದು ಕತ್ತಿಯನ್ನು ಉಜ್ಜಿ ಹರಿತ ಉಳಿಸಿಕೊಳ್ಳುವ ಚರ್ಮದ ಪಟ್ಟಿಗೆ ಮತ್ತು ಕ್ಷೌರದ ಕತ್ತಿಯನ್ನೇ ಮಸೆದು ಗೊತ್ತಿರುವವರಿಂದ ಒಮ್ಮೆ ಸಾಣೆ ಹಿಡಿಸಲು ಬೇಕು. ಅಡುಗೆಮನೆ ಚಾಕು ಮಸೆಯುವವರ ತಿರುಗುವ ಚಕ್ರಕ್ಕೆ ಮಾತ್ರ ಕೊಡಬೇಡಿ. ಬಿಸಿಗೆ ಉಕ್ಕಿನ ಹದ ಕೆಟ್ಟರೆ ಆ ಕತ್ತಿ ಮತ್ತೆ ಹರಿತ ಹಿಡಿಯುವುದಿಲ್ಲ. ಕತ್ತಿ, ಪಟ್ಟಿ, ಬ್ರಷ್ಷು, ಬಟ್ಟಲು ಎಲ್ಲ ಸೇರಿದ ತೀರಾ ಅಗ್ಗದ ಸೆಟ್ ಕೂಡ ಬೇಡ. ಅದರಲ್ಲಿ ಕೆಡುವುದು ಸಾಮಾನ್ಯವಾಗಿ ಕತ್ತಿಯೇ.

ಪ್ರಶ್ನೆ: ಸೋಲಿಂಗೆನ್ ಎಂದು ಮುದ್ರೆಯಿರುವ ಹಳೆಯ ಕತ್ತಿಯೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ಉತ್ತರ: ಖಂಡಿತ ಪರಿಗಣಿಸಿ. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ಥಿಯೇರ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ, ಇವೆಲ್ಲ ಕತ್ತಿಗೆ ಹೆಸರಾದ ಊರುಗಳು. ಆದರೆ ಊರಿನ ಹೆಸರು ನೋಡಿ ದುಡ್ಡು ಕೊಡುವ ಮುನ್ನ ಕತ್ತಿಯನ್ನೇ ಓದಿ.

ಬಾಯಿ, ಅಂದರೆ ಕತ್ತರಿಸುವ ಅಂಚು, ಮೇಲಕ್ಕೆ ಮಾಡಿ ದೀಪದ ಬೆಳಕಿಗೆ ಹಿಡಿಯಿರಿ. ಹರಿತವಾದ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ. ಎಲ್ಲಿ ಬಿಳಿ ಚುಕ್ಕೆಯೋ ಗೆರೆಯೋ ಮಿನುಗುತ್ತದೋ ಅಲ್ಲಿ ಮುಕ್ಕಾಗಿದೆ ಅಥವಾ ಮೊಂಡಾಗಿದೆ. ಸಣ್ಣ ಮುಕ್ಕು ಸಾಣೆಯಲ್ಲಿ ಹೋಗುತ್ತದೆ. ಬಿರುಕು ಹೋಗುವುದಿಲ್ಲ, ಅಂಥದ್ದನ್ನು ಬಿಟ್ಟುಬಿಡಿ. ತುಕ್ಕು ಅಲಗಿನ ಮಧ್ಯದಲ್ಲಿದ್ದರೆ ನೋಟಕ್ಕಷ್ಟೇ ಕೊರತೆ. ಬಾಯಿಯ ಅಂಚಿನಲ್ಲಿ ಕಪ್ಪು ಗುಳಿಗಳಾಗಿ ಇಳಿದಿದ್ದರೆ, ಮಸೆದಷ್ಟೂ ಅಂಚು ಪುಡಿಪುಡಿಯಾಗಿ ಉದುರುತ್ತದೆ. ಬಾಯಿ ನೇರವಾಗಿರಲಿ ಅಥವಾ ತುಸು ಹೊರಬಾಗಿರಲಿ. ಒಳಬಾಗಿದ್ದರೆ ನಡುಭಾಗ ಸಾಣೆಕಲ್ಲಿಗೆ ತಾಗುವುದೇ ಇಲ್ಲ.

ಆಮೇಲೆ ಬೆನ್ನು. ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿನ ಮೇಲೆ ಕೂರುತ್ತವೆ, ಹರಿತದ ಕೋನವನ್ನು ಕೂರಿಸುವುದೇ ಬೆನ್ನಿನ ದಪ್ಪ. ಬೆನ್ನಿನ ಉದ್ದಕ್ಕೂ ಸವೆದ ಪಟ್ಟೆ ತೆಳ್ಳಗೆ, ಒಂದೇ ಅಗಲವಾಗಿದ್ದರೆ ಒಳ್ಳೆಯ ಲಕ್ಷಣ. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಇದ್ದರೆ ಅಲಗು ತಿರುಚಿರಬಹುದು, ಇಲ್ಲವೇ ಯಾರೋ ಒಂದೇ ಕಡೆ ಒತ್ತಿ ಮಸೆದಿದ್ದಾರೆ. ಅನುಮಾನವಿದ್ದರೆ ಸಾಣೆ ಹಿಡಿಯುವವರು ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಕಲ್ಲಿನ ಮೇಲೆ ಒಮ್ಮೆ ಎಳೆದು ನೋಡುತ್ತಾರೆ. ಶಾಯಿ ಉಳಿದ ಕಡೆ ಕಲ್ಲು ತಾಗಿಲ್ಲ ಎಂದರ್ಥ.

ಕೊನೆಗೆ ಹಿಡಿಯನ್ನು ಮೂಸಿ ನೋಡಿ. ಹಳೆಯ ಸೆಲ್ಯುಲಾಯ್ಡ್ (ಹಿಂದಿನ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹಿಡಿ ಕೆಡುತ್ತಾ ಹೋದರೆ ಆಮ್ಲದ ಆವಿ ಬಿಟ್ಟು, ಮಡಚಿಟ್ಟ ಅಲಗಿಗೇ ತುಕ್ಕು ಹಿಡಿಸುತ್ತದೆ. ಹುಳಿ ವಾಸನೆ, ಬಿರುಕು, ಹಿಡಿಯೊಳಗೆ ಕೂರುವ ಭಾಗದಲ್ಲೇ ಒತ್ತಾದ ತುಕ್ಕು ಕಂಡರೆ ಕೊಳ್ಳಬೇಡಿ.

ಪ್ರಶ್ನೆ: ಕತ್ತಿ ಬಂದಾಗ ಚೆನ್ನಾಗಿತ್ತು. ದಿನಾ ಪಟ್ಟಿಗೆ ಉಜ್ಜುತ್ತಿದ್ದೇನೆ, ಆದರೂ ವಾರದೊಳಗೆ ಕೂದಲು ಕೀಳುವಂತೆ ಎಳೆಯುತ್ತಿದೆ.

ಉತ್ತರ: ಪಟ್ಟಿಯೇ ಮೊಂಡು ಮಾಡುತ್ತಿದೆ. ಹೊಸಬರಲ್ಲಿ ಇದು ಬಹಳ ಸಾಮಾನ್ಯ. ಪಟ್ಟಿ ಜೋತುಬಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಅಂಚನ್ನು ದುಂಡಗೆ ಮಾಡುತ್ತದೆ. ಬಿಗಿಯಾಗಿ ಎಳೆದು ಹಿಡಿಯಿರಿ, ಕತ್ತಿಯ ಭಾರ ಬಿಟ್ಟು ಬೇರೆ ಒತ್ತಡ ಹಾಕಬೇಡಿ. ಬೆನ್ನು ಮುಂದೆ, ಬಾಯಿ ಹಿಂದೆ, ಎರಡೂ ಚರ್ಮಕ್ಕೆ ಅಂಟಿಕೊಂಡೇ ಸಾಗಬೇಕು. ತುದಿ ತಲುಪಿದಾಗ ಮೊದಲು ನಿಲ್ಲಿಸಿ, ಆಮೇಲೆ ಬೆನ್ನಿನ ಮೇಲೆ ಹೊರಳಿಸಿ. ನಿಲ್ಲಿಸುವ ಮೊದಲೇ ಹೊರಳಿಸಿದರೆ ಪಟ್ಟಿಯೂ ಕುಯ್ದುಹೋಗುತ್ತದೆ, ಬಾಯಿಯೂ ಹಾಳು. ಪಟ್ಟಿಯ ಬಟ್ಟೆಯ ಪದರದ ಮೇಲೆ 20, ಚರ್ಮದ ಮೇಲೆ 50 ಸುತ್ತು (ಹೋಗಿ ಬಂದರೆ ಒಂದು) ಸಾಕು. ವೇಗ ಬೇಕಿಲ್ಲ. ಮೊದಲ ಪಟ್ಟಿ ಗಾಯವಾಗುವುದು ಖಚಿತ, ಹಾಗಾಗಿ ಅಗ್ಗದ್ದೇ ಇರಲಿ. 3 ಇಂಚು ಅಗಲದ್ದಾದರೆ ಇಡೀ ಬಾಯಿ ಒಮ್ಮೆಗೇ ಕೂರುತ್ತದೆ.

ಈಗಾಗಲೇ ಮೊಂಡಾದ ಬಾಯಿಗೆ 12000 ಗ್ರಿಟ್ (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಸಾಣೆಕಲ್ಲಿನ ಮೇಲೆ ಕೆಲವು ಹಗುರ ಸುತ್ತು, ಇಲ್ಲವೇ 0.5 ಮೈಕ್ರಾನಿನ ಕ್ರೋಮಿಯಂ ಆಕ್ಸೈಡ್ ಎಂಬ ಹರಿತ ನಯಗೊಳಿಸುವ ಪೇಸ್ಟ್ ಬಳಿದ ಬೇರೆ ಪಟ್ಟಿಯಲ್ಲಿ ಐದಾರು ಸುತ್ತು ಹಾಕಿ ನೋಡಿ. ದಿನಬಳಕೆಯ ಚರ್ಮಕ್ಕೆ ಆ ಪೇಸ್ಟ್ ಬಳಿಯಬೇಡಿ. ಅಷ್ಟಕ್ಕೂ ಜಗ್ಗದಿದ್ದರೆ 8000ರ ಕಲ್ಲಿಗೆ ಇಳಿಯಬೇಕು. 1000ರ ಕಲ್ಲು ಬೇಕಾಗುವುದು ಅಂಚನ್ನು ಹೊಸದಾಗಿ ಕೂರಿಸುವಾಗ ಮಾತ್ರ.

ಒಮ್ಮೆ ಕೋನವನ್ನೂ ಪರೀಕ್ಷಿಸಿಕೊಳ್ಳಿ. ಗಡ್ಡ ತೆಗೆಯುವಾಗ ಮುಖದ ಚರ್ಮಕ್ಕೂ ಅಲಗಿಗೂ ನಡುವೆ ಸುಮಾರು 30 ಡಿಗ್ರಿ ಇರಬೇಕು. ಅದಕ್ಕಿಂತ ಮೇಲೆತ್ತಿದರೆ ಒಳ್ಳೆಯ ಕತ್ತಿಯೂ ಕೆರೆಯುತ್ತದೆ.

ಪ್ರಶ್ನೆ: ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯಲ್ಲಿ ಮೊದಲು ಕಲಿತರೆ ಹೇಗೆ?

ಉತ್ತರ: ಸಾಣೆ, ಪಟ್ಟಿಯ ಖರ್ಚು ಉಳಿಯುತ್ತದೆ, ಮುಖದ ಮೇಲೆ ಕೈ ಆಡಿಸುವ ಅಭ್ಯಾಸವೂ ಆಗುತ್ತದೆ. ಆದರೆ ಹಗುರವಾದ್ದರಿಂದ ಕೈ ತಾನಾಗಿ ಒತ್ತುತ್ತದೆ, ಬ್ಲೇಡಿನ ಮೂಲೆಗಳೂ ಚೂಪು. ನಿಜವಾದ ಕತ್ತಿಗಿಂತ ಇದು ಬೇಗ ಕುಯ್ಯುತ್ತದೆ. ಇದರಲ್ಲಿ ಗಾಯವಾಯಿತೆಂದು ಕತ್ತಿಯ ಆಸೆಯನ್ನೇ ಬಿಡಬೇಡಿ.

ಪ್ರಶ್ನೆ: ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಉತ್ತರ: ಬಳಸಿದ ಮೇಲೆ ತೊಳೆದು, ಬೆನ್ನಿನಿಂದ ಬಾಯಿಯ ಕಡೆಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಹಿಡಿಯ ಸಂದನ್ನೂ ಒಣಗಿಸಿ, ಬಿಚ್ಚಿಟ್ಟು ಗಾಳಿಯಾಡಿಸಿ, ಆಮೇಲೆ ಮಡಚಿ. ಹಲವು ದಿನ ಬಳಸದಿದ್ದರೆ ಒಂದು ಹನಿ ಮಿನರಲ್ ಆಯಿಲ್ ಸವರಿ. ಬಚ್ಚಲಮನೆಯಲ್ಲಿ ಮಾತ್ರ ಇಡಬೇಡಿ.